ಮಾಯದ ಹುಣ್ಣನ್ನು ಮರೆಮಾಚದಿರಿ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯ ವಿಚಾರ ಮಾತ್ರವಲ್ಲ. ಪತಿಪತ್ನಿಯರು ಪರಸ್ಪರರ ಆರೋಗ್ಯವನ್ನು ಕಾಯುವುದೂ ಅದರಲ್ಲಿ ಸೇರಿದೆ. ಆದುದರಿಂದ ಈ ದಿನ ಚರ್ಮದ ಕ್ಯಾನ್ಸರನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಬಿಳಿಯ ಮೈಬಣ್ಣದ ಜನರಲ್ಲಿ ಈ ರೋಗ ಹೆಚ್ಚು. ಬಿಸಿಲೇ ಅಲ್ಲಿ ಮುಖ್ಯ ಕಾರಣ. ನಮ್ಮಲ್ಲಿ ಇದು ವಿರಳವಾದರೂ ಬಾರದೇ ಇರುವುದಿಲ್ಲ. ಎಳೆವಯಸ್ಸಿನಲ್ಲಿ ಬೆಂಕಿ ತಗುಲಿ ಉಳಿದ ಕಲೆ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣು, ಅಂಗಾಲು, ಉಗುರಿನ ಅಡಿ, ಇವು ಗಮನಿಸಬೇಕಾದ ಎಡೆಗಳು. ಸುಟ್ಟ ಕಲೆಯಲ್ಲಿ 30 ವರ್ಷಗಳ ತರುವಾಯವೂ ಕ್ಯಾನ್ಸರ್ ತಲೆದೋರಬಹುದು. ಸೊಂಟದಲ್ಲಿ ಪಂಚೆಯನ್ನು ಬಿಗಿಯಾಗಿ ಕಟ್ಟಿ ಚರ್ಮ ಉಜ್ಜಿದೆಡೆಯಲ್ಲಿ ಬರುವ ಕ್ಯಾನ್ಸರನ್ನು ಮುಂಬಯಿಯ ಡಾ. ವಿ. ಆರ್. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ 1945ರಲ್ಲಿಯೇ ವರ್ಣಿಸಿದ್ದಾರೆ. ಸೀರೆಯ ಲಂಗದ ಲಾಡಿಯಿಂದಲೂ ಹೀಗಾಗುವುದುಂಟು.

ಒಂದು ತಿಂಗಳಾದರೂ ಮಾಯದ ಹುಣ್ಣು, ಹಳೆಯ ಕಲೆಯಲ್ಲಿ ಏಳುವ ಗಂಟು, ರಕ್ತ ಒಸರುವಿಕೆ, ದುರ್ವಾಸನೆ, ಬೆಳೆಯುತ್ತಿರುವ ಕರಿಯ ಮಚ್ಚೆ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಿರಿ. ಬರೆ ಎಳೆಯುವುದು, ಸುಡುವ ಔಷಧ ಹಚ್ಚುವುದು ಸಲ್ಲದು. ತನ್ನ ಬೆನ್ನು ತನಗೆ ಕಾಣದು. ಪತಿ ಪತ್ನಿಯದನ್ನೂ ಪತ್ನಿ ಪತಿಯದನ್ನೂ ಆಗಾಗ ನೋಡಬೇಕು.

ಆರೋಗ್ಯ ಕೇಂದ್ರದಲ್ಲಿ ತರಬೇತಿಗೆ ಬಂದಿರುವ ಎಳೆಯ ವೈದ್ಯರನ್ನು ಕಂಡು, "ಈ ಹುಡುಗರಿಗೆ ಏನು ತಿಳಿದೀತು?" ಎಂದು ಹಿಂದಿರುಗುವವರುಂಟು. ಇದು ತಪ್ಪು. ಅವರು ಎಂ.ಬಿ.ಬಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಒಂದು ವರ್ಷದ ಕಡ್ಡಾಯ ತರಬೇತಿಯ ಒಂದು ಭಾಗವನ್ನು ಹಳ್ಳಿಯಲ್ಲಿ ಕಳೆಯುತ್ತಾರೆ. ಅವರು ಓದಿದ ಗ್ರಂಥಗಳ ಚಿತ್ರಗಳು ಬಹುಪಾಲು ಬಿಳಿಯ ಚರ್ಮದವು. ನಮ್ಮ ಮೈಬಣ್ಣದಲ್ಲಿ ರೋಗ ಹೇಗೆ ಕಾಣುತ್ತದೆಂಬುದನ್ನು ಅವರು ರೋಗಿಗಳನ್ನು ನೋಡಿಯೇ ಕಲಿಯಬೇಕು. ದೊಡ್ಡ ಶಸ್ತ್ರಚಿಕಿತ್ಸೆಯನ್ನು ಅವರೇ ಮಾಡುವುದಿಲ್ಲ. ಹುಣ್ಣನ್ನು ಪರೀಕ್ಷಿಸಿ, ತೊಡೆಸಂದಿನಲ್ಲಿ ಅಥವಾ ಕಂಕುಳಲ್ಲಿ ಗಂಟಿದೆಯೇ ಎಂದು ನೋಡಿ, ಹಿರಿಯ ವೈದ್ಯರೊಡನೆ ವಿಚಾರಿಸಿ, ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. 2020ರ ನಿಯಮದಂತೆ ಉನ್ನತ ವ್ಯಾಸಂಗದ ವೈದ್ಯರೂ 3 ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಬೇಕು. ಸಂಕೋಚಪಡುವ ಸೋದರಿಯರು ಮಹಿಳಾ ವೈದ್ಯರನ್ನೋ ದಾದಿಯನ್ನೋ ಕರೆಯಲು ಕೇಳಬಹುದು.

ದೊಡ್ಡ ಆಸ್ಪತ್ರೆಯಲ್ಲಿ ಹುಣ್ಣಿನ ಚಿಕ್ಕ ತುಣುಕನ್ನು ತೆಗೆದು ಪರೀಕ್ಷಿಸುತ್ತಾರೆ. ಕ್ಯಾನ್ಸರೆಂದು ಖಚಿತವಾದರೆ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದೊಂದಿಗೆ ಅದನ್ನು ಕೊಯ್ದು ತೆಗೆಯುತ್ತಾರೆ. ಸಣ್ಣದಾದರೆ ಆ ಜಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಸಾಕು. ದೊಡ್ಡದಾದರೆ ತೊಡೆಯ ತೆಳು ಚರ್ಮವನ್ನು ಅಲ್ಲಿ ಕಸಿ ಮಾಡುತ್ತಾರೆ. ತಡವಾದರೆ ರೋಗ ಎಲುಬಿಗೆ ಇಳಿದು ಕಾಲನ್ನೇ ತೆಗೆಯಬೇಕಾದೀತು, ಪ್ರಾಣಕ್ಕೂ ಅಪಾಯ. ಖರ್ಚಿಗೆ ಅಂಜಿ ಮನೆಯಲ್ಲಿ ಕೂಡದಿರಿ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ನೆರವಾಗಲು 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯುಂಟು. ಪಡಿತರ ಚೀಟಿಯನ್ನು ಜೊತೆಗೆ ಕೊಂಡೊಯ್ಯಿರಿ.

ದುಡಿಯುವ ಕಾಲು ಉಳಿದರೆ ಸಂಸಾರ ಉಳಿದೀತು. ಹುಣ್ಣು ಚಿಕ್ಕದಿರುವಾಗಲೇ ಇಬ್ಬರೂ ಕೂಡಿ ಆರೋಗ್ಯ ಕೇಂದ್ರಕ್ಕೆ ಹೋಗಿರಿ.