ಅನುಭವಾರ್ಜಿತ ವಿದ್ಯೆಗೆ ವಿದ್ಯಾಪೀಠಗಳ ಮನ್ನಣೆ



ವಿದ್ಯೆಯು ಪಾಠಶಾಲೆಯಲ್ಲಿ ಗುರುಮುಖದಿಂದ ಲಭಿಸುವುದೆಂಬುದು ಸರ್ವವಿದಿತವು. ಆದರೆ ಇಪ್ಪತ್ತು ವರ್ಷ ರೋಗಿಗಳ ಶುಶ್ರೂಷೆ ಮಾಡಿದವಳೂ, ಯಂತ್ರಗಳನ್ನು ಬಿಚ್ಚಿ ಜೋಡಿಸಿದವನೂ, ಅಂಗಡಿಯ ಜಮಾಖರ್ಚನ್ನು ಪೈಸೆಯ ತಪ್ಪಿಲ್ಲದೆ ಬರೆದವನೂ ಗಳಿಸಿದುದು ವಿದ್ಯೆಯಲ್ಲವೆ? ವಿದ್ಯೆಯೇ ಆದ ಪಕ್ಷದಲ್ಲಿ, ಇಂಥವರು ನಡುವಯಸ್ಸಿನಲ್ಲಿ ಕಾಲೇಜಿನ ಬಾಗಿಲಿಗೆ ಬಂದರೆ, ತಿಳಿದುದನ್ನೇ ಮತ್ತೆ ಮೊದಲಿನಿಂದ ಓದಿರೆಂದು ವಿಧಿಸುವುದು ನ್ಯಾಯವೆ? ಅನ್ಯದೇಶಗಳು ಈ ಪ್ರಶ್ನೆಯನ್ನು ಬಗೆಹರಿಸಿಕೊಂಡ ರೀತಿಯು ವಿಚಾರಯೋಗ್ಯವಾಗಿದೆ.

1918ರಲ್ಲಿ ಮೊದಲನೆಯ ಮಹಾಯುದ್ಧವು ಮುಗಿಯಲು, ಅಮೆರಿಕದ ಹಲವು ಕಾಲೇಜುಗಳು ಮರಳಿ ಬಂದ ಸೈನಿಕರಿಗೆ, ಅವರು ಕಲಿತುದೇನೆಂದು ವಿಚಾರಿಸದೆಯೇ, ‘ಕ್ರೆಡಿಟ್’ ಎಂಬ ವ್ಯಾಸಂಗಮಾನವನ್ನು ಕೊಟ್ಟುಬಿಟ್ಟವು. ಔದಾರ್ಯವೇನೋ ಒಳ್ಳೆಯದು, ಆದರೆ ಸಿದ್ಧತೆಯಿಲ್ಲದೆ ಮೇಲಿನ ತರಗತಿಯಲ್ಲಿ ಕುಳಿತವನಿಗೆ ಅದರಿಂದಾದ ಉಪಕಾರವೇನು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ತಪ್ಪು ಮರುಕಳಿಸಬಾರದೆಂದು ಆ ದೇಶದ ಶಿಕ್ಷಣ ಪರಿಷತ್ತು ಎಚ್ಚರವಹಿಸಿತು. ಸೈನ್ಯದ ಒಂದೊಂದು ಶಿಕ್ಷಣಕ್ರಮವನ್ನೂ ವಿದ್ವಾಂಸರಿಂದ ಪರಿಶೀಲಿಸಿ, ಯಾವುದಕ್ಕೆ ಎಷ್ಟು ಮಾನವು ಸಲ್ಲುವುದೆಂದು ಕಾಲೇಜುಗಳಿಗೆ ತಿಳಿಸಿತು. 1944ರ ಶಾಸನದ ನೆರವಿನಿಂದ ಸುಮಾರು 22 ಲಕ್ಷ ಮಾಜಿ ಯೋಧರು ಕಾಲೇಜುಗಳನ್ನು ಸೇರಿದರಾದ್ದರಿಂದ, ಈ ತೂಕದ ಕೆಲಸವು ಅಲ್ಪವಾದುದಲ್ಲ.

ಸೈನಿಕರಿಗೆ ಸಂದುದು ಇತರ ದುಡಿಮೆಗಾರರಿಗೂ ಸಲ್ಲಬೇಡವೆ? 1974ರಲ್ಲಿ ಅಲ್ಲಿಯ ಕಾಲೇಜುಗಳು ಕೆಲವು ಒಂದು ಪರೀಕ್ಷಾಸಂಸ್ಥೆಯೊಡನೆ ಕೂಡಿ ‘ಕೇಲ್’ ಎಂಬ ಯೋಜನೆಯನ್ನು ಆರಂಭಿಸಿದವು. ಅದರಿಂದ ನೆಲೆಗೊಂಡ ಮುಖ್ಯ ನಿಯಮವು ಇದು: ಮನ್ನಣೆಯು ಕಲಿತುದಕ್ಕೆ, ಕಳೆದ ವರ್ಷಗಳಿಗಲ್ಲ. ಒಂದೇ ಕೆಲಸವನ್ನು ಒಂದೇ ಬಗೆಯಾಗಿ ಮೂವತ್ತು ವರ್ಷ ಮಾಡಿ, ಅದೇಕೆ ಹಾಗೆಂದು ಒಮ್ಮೆಯೂ ಚಿಂತಿಸದವನಿಗೆ ಅನುಭವವುಂಟು, ವಿದ್ಯೆಯಿಲ್ಲ. ಆದುದರಿಂದ ಅರ್ಜಿದಾರನು ತಾನು ಕಲಿತುದನ್ನು ವಿಷಯವಾರಾಗಿ ಬರೆದು, ಯಜಮಾನರ ಪತ್ರಗಳನ್ನೂ ತನ್ನ ಕೆಲಸದ ಮಾದರಿಗಳನ್ನೂ ಕೂಡಿಸಿ ಒಪ್ಪಿಸಬೇಕು. ಆಯಾ ವಿಷಯದ ಅಧ್ಯಾಪಕರು ಅದನ್ನು ಪಾಠಕ್ರಮದೊಡನೆ ಹೋಲಿಸಿ ನಿರ್ಣಯಿಸುವರು. ಪ್ರಮಾಣದಿಂದಲೇ ಪ್ರಮೇಯಸಿದ್ಧಿಯೆಂಬ ತಾರ್ಕಿಕರ ಮತವು ಇಲ್ಲಿಯೂ ಸಲ್ಲುವುದು.

ಫ್ರಾನ್ಸ್ ದೇಶವು 2002ರ ಜನವರಿ 17ರ ಶಾಸನದಿಂದ ಇದನ್ನು ಪ್ರಜೆಗಳ ಹಕ್ಕನ್ನಾಗಿಯೇ ಮಾಡಿತು. ಅಲ್ಲಿ ಪರೀಕ್ಷಕಮಂಡಲಿಯು ಅಭ್ಯರ್ಥಿಯ ಬರಹವನ್ನು ಓದಿ, ಅವನನ್ನು ಎದುರಿಗೆ ಕೂರಿಸಿ ಪ್ರಶ್ನಿಸಿ, ಪದವಿಯನ್ನು ಪೂರ್ಣವಾಗಿ ಕೊಡಬಹುದು, ಭಾಗಶಃ ಕೊಡಬಹುದು, ನಿರಾಕರಿಸಲೂಬಹುದು. ಮೊದಲು ಮೂರು ವರ್ಷಗಳ ಅನುಭವವು ಬೇಕೆಂದಿದ್ದುದು 2016ರಲ್ಲಿ ಒಂದು ವರ್ಷಕ್ಕೆ ಇಳಿಯಿತು. 2022ರ ಶಾಸನವು ಆ ಕಾಲಮಿತಿಯನ್ನೇ ತೆಗೆದುಹಾಕಿತು. ವರ್ಷಗಳ ಎಣಿಕೆಯು ಗೌಣವೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಕೆ?

ಇದರಿಂದ ಪದವಿಯ ಬೆಲೆ ಕುಂದುವುದೆಂದು ಪಂಡಿತರು ಕೆಲವರು ಶಂಕಿಸುವರು. ಶಂಕೆಯು ನಿರಾಧಾರವಲ್ಲ, ಜೀವನಾನುಭವದ ಹೆಸರಿನಲ್ಲಿ ಹಣಕ್ಕೆ ಪದವಿಯನ್ನು ಮಾರುವ ವಂಚಕರೂ ಲೋಕದಲ್ಲಿದ್ದಾರೆ. ಆದರೆ ಖೋಟಾ ನಾಣ್ಯವಿದೆಯೆಂದು ಯಾರೂ ನಾಣ್ಯವನ್ನೇ ತ್ಯಜಿಸುವುದಿಲ್ಲ, ಒರೆಗಲ್ಲನ್ನು ಹಿಡಿಯುತ್ತಾರೆ. ಪರೀಕ್ಷೆಯಿಲ್ಲದೆ ಕೊಡುವುದು ವಿದ್ಯೆಗೆ ಅಪಮಾನ. ಪರೀಕ್ಷಿಸದೆಯೇ ನಿರಾಕರಿಸುವುದು ವಿದ್ಯಾವಂತನಿಗೆ ಅಪಮಾನ.

ಭರತಖಂಡದಲ್ಲಿಯೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ 2023ರಲ್ಲಿ ಪ್ರಕಟವಾದ ಕ್ರೆಡಿಟ್ ಚೌಕಟ್ಟು, ವರ್ಷದ ವ್ಯಾಸಂಗವನ್ನು 1200 ಗಂಟೆಗಳೆಂದೂ 40 ಕ್ರೆಡಿಟ್‌ಗಳೆಂದೂ ಎಣಿಸಿ, ಕೆಲಸದಿಂದ ಬಂದ ಅನುಭವಕ್ಕೂ ಪರೀಕ್ಷಾಪೂರ್ವಕವಾಗಿ ಮಾನವನ್ನು ಕೊಡಲು ಅವಕಾಶವಿತ್ತಿದೆ. ದಾರಿಯು ತೆರೆದಿದೆ, ಅದರಲ್ಲಿ ನಡೆಯಿಸುವ ಭಾರವು ಗುರುಗಳದು. ಕೈ ಸವೆದ ಶಿಷ್ಯನೊಬ್ಬನು ಬಾಗಿಲಲ್ಲಿ ನಿಂತಾಗ, “ನೀನು ಯಾವ ಶಾಲೆಯಲ್ಲಿ ಓದಿದೆ?” ಎಂಬುದಕ್ಕೆ ಮೊದಲು “ನೀನು ಏನನ್ನು ಬಲ್ಲೆ? ತೋರಿಸು” ಎಂದು ಕೇಳುವ ಗುರುವೇ ವಿದ್ಯೆಯ ಗೌರವವನ್ನೂ ಕಾಯಕದ ಗೌರವವನ್ನೂ ಏಕಕಾಲದಲ್ಲಿ ಕಾಪಾಡುವನು.