ಪರೀಕ್ಷಿಸಿ ನಮಿಸಿದ ಆಚಾರ್ಯ



“ನಿಮ್ಮ ಮೆಚ್ಚಿನ ತತ್ತ್ವಜ್ಞಾನಿ ಯಾರು?” ಎಂಬ ಪ್ರಶ್ನೆಯನ್ನು ಇಂದಿನ ಜೈನ ತರುಣರ ಮುಂದಿಟ್ಟರೆ ಬರುವ ಉತ್ತರಗಳು ಬಹುಮಟ್ಟಿಗೆ ಎರಡು ಬಗೆಯವು. ಕೆಲವರು ಸಾಕ್ರಟೀಸ್, ಕಾಂಟ್, ನೀತ್ಶೆ ಎನ್ನುತ್ತಾರೆ. ಉಳಿದವರು ಭಗವಾನ್ ಮಹಾವೀರರು ಎನ್ನುತ್ತಾರೆ. ಮೊದಲನೆಯ ಉತ್ತರಕ್ಕೆ ಹಿರಿಯರ ಮುಖ ಬಾಡುತ್ತದೆ, ಎರಡನೆಯದಕ್ಕೆ ಅರಳುತ್ತದೆ. ಆದರೆ “ಏಕೆ?” ಎಂಬ ಮರುಪ್ರಶ್ನೆ ಬಂದೊಡನೆ ಎರಡನೆಯ ಉತ್ತರ ತಡವರಿಸುತ್ತದೆ. “ಅವರು ನಮ್ಮವರು” ಎಂಬುದನ್ನು ಬಿಟ್ಟು ಬೇರೆ ಕಾರಣ ಹೊರಡುವುದಿಲ್ಲ. ಹುಟ್ಟಿನಿಂದ ಬಂದದ್ದು ಪಿತ್ರಾರ್ಜಿತ ಆಸ್ತಿ. ಅದನ್ನು ಆಯ್ಕೆ ಎನ್ನಲಾಗದು.

ಜಿನೇಶ್ವರನನ್ನು ಕೂಡ ಪಿತ್ರಾರ್ಜಿತವಾಗಿ ಸ್ವೀಕರಿಸಲು ಒಪ್ಪದ ಒಬ್ಬ ಜೈನಾಚಾರ್ಯರಿದ್ದರು. ಅವರೇ ಸಮಂತಭದ್ರರು. ಮೆಚ್ಚಿನ ತತ್ತ್ವಜ್ಞಾನಿಯ ಸ್ಥಾನಕ್ಕೆ ಅವರ ಹೆಸರನ್ನು ಸೂಚಿಸುವುದು ಈ ಭಾಷಣದ ಉದ್ದೇಶ.

ಅವರ ‘ಆಪ್ತಮೀಮಾಂಸೆ’ಗೆ ‘ದೇವಾಗಮ ಸ್ತೋತ್ರ’ ಎಂಬ ಇನ್ನೊಂದು ಹೆಸರಿದೆ. ಆಪ್ತನೆಂದರೆ ನಂಬಲು ಅರ್ಹನಾದ ಉಪದೇಶಕ. ಸ್ತೋತ್ರವೆಂದಮೇಲೆ ಹೊಗಳಿಕೆಯಿಂದ ತೊಡಗಬೇಕು. ಇದಾದರೋ ಒಂದು ನಿರಾಕರಣೆಯಿಂದ ತೊಡಗುತ್ತದೆ. ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರ ಮೊದಲಾದ ವೈಭವ, ಇವೆಲ್ಲ ಮಾಯಾವಿಗಳಲ್ಲಿಯೂ ಕಾಣುತ್ತವೆ. ಆದುದರಿಂದ ಈ ಕಾರಣಕ್ಕೆ ನೀನು ದೊಡ್ಡವನಲ್ಲ ಎಂದು ಆಚಾರ್ಯರು ತಮ್ಮ ಆರಾಧ್ಯನನ್ನೇ ಎದುರಿಗೆ ನಿಲ್ಲಿಸಿ ಹೇಳುತ್ತಾರೆ. ಮತವೊಂದನ್ನು ಸ್ಥಾಪಿಸಿದ್ದು ಕೂಡ ಹಿರಿಮೆಗೆ ಸಾಕ್ಷಿಯಲ್ಲ. ಒಂದಕ್ಕೊಂದು ವಿರುದ್ಧವಾದ ಮತಗಳನ್ನು ಸ್ಥಾಪಿಸಿದವರು ಹಲವರಿದ್ದಾರೆ, ಎಲ್ಲರೂ ಆಪ್ತರಾಗಲಾರರು. ಹಾಗಾದರೆ ಒರೆಗಲ್ಲು ಯಾವುದು? ರಾಗದ್ವೇಷಗಳ ದೋಷ ಕಳೆದಿರಬೇಕು. ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಾಗದೆ ನಿಲ್ಲಬೇಕು. ಈ ಪರೀಕ್ಷೆ ಮುಗಿದ ಮೇಲೆಯೇ ನಮಸ್ಕಾರ.

ನೂರಕ್ಕೂ ಸ್ವಲ್ಪ ಹೆಚ್ಚು ಶ್ಲೋಕಗಳ ಈ ಪುಟ್ಟ ಕೃತಿಯ ಮೇಲೆ ಅಕಲಂಕರು ‘ಅಷ್ಟಶತೀ’ಯನ್ನು, ಅದನ್ನು ಒಳಗೊಂಡು ವಿದ್ಯಾನಂದರು ‘ಅಷ್ಟಸಹಸ್ರೀ’ಯನ್ನು ಬರೆದರು. ಜೈನ ತರ್ಕಶಾಸ್ತ್ರದ ದೊಡ್ಡದೊಂದು ಪರಂಪರೆ ಈ ಪ್ರಶ್ನೆಯಿಂದಲೇ ಚಿಗುರಿತು.

ಸಮಂತಭದ್ರರು ಒಂದೆಡೆ ಕುಳಿತು ವಾದಿಸಿದವರಲ್ಲ. ಶ್ರವಣಬೆಳಗೊಳದಲ್ಲಿರುವ ಶಕ ವರ್ಷ 1050ರ ಮಲ್ಲಿಷೇಣ ಪ್ರಶಸ್ತಿ ಅವರ ವಾದಯಾತ್ರೆಯನ್ನು ನೆನೆಯುತ್ತದೆ. ಪಾಟಲಿಪುತ್ರ, ಮಾಳವ, ಸಿಂಧು, ಠಕ್ಕ, ಕಾಂಚಿ, ವಿದಿಶಾ ಮೊದಲಾದೆಡೆ ವಾದದ ಭೇರಿಯನ್ನು ಬಾರಿಸಿ ಕರಹಾಟಕಕ್ಕೆ ಬಂದರೆಂದು ಅಲ್ಲಿದೆ. ಕರಹಾಟಕವೆಂದರೆ ಸಾತಾರಾ ಜಿಲ್ಲೆಯ ಇಂದಿನ ಕರಾಡ. ಪುಣೆಯಿಂದ ಕೊಲ್ಹಾಪುರ, ಬೆಳಗಾವಿಗಳ ಕಡೆಗೆ ಹೋಗುವ ಕನ್ನಡ ಕುಟುಂಬಗಳು ಹಬ್ಬಹುಣ್ಣಿಮೆಗೆ ಆ ಊರನ್ನು ದಾಟಿಯೇ ಹೋಗುತ್ತವೆ. ಭೇರಿ ಬಾರಿಸುವುದೆಂದರೆ “ಬನ್ನಿ, ನನ್ನ ಮಾತನ್ನು ಪರೀಕ್ಷಿಸಿ” ಎಂದು ಪರರನ್ನು ಕರೆಯುವುದು. ಇತರರನ್ನು ಪರೀಕ್ಷಿಸುವವನು ತನ್ನನ್ನೂ ಪರೀಕ್ಷೆಗೆ ಒಡ್ಡಿಕೊಳ್ಳಬೇಕೆಂಬ ನ್ಯಾಯ ಅದರಲ್ಲಿದೆ.

ಆದರೆ ಸಮಾಜ ಈ ಆಚಾರ್ಯರನ್ನು ನೆನಪಿಟ್ಟುಕೊಂಡ ಬಗೆಯೇ ಬೇರೆ. ಬಸದಿಯ ಪ್ರವಚನಗಳಲ್ಲಿ ಅವರ ಹೆಸರು ಬಂದಾಗ ಹೆಚ್ಚಾಗಿ ಕೇಳಿಬರುವುದು ಭಸ್ಮಕ ವ್ಯಾಧಿಯ ಕಥೆ. ತಿಂದುದೆಲ್ಲ ಹೊಟ್ಟೆಯಲ್ಲಿ ಉರಿದುಹೋಗುವ ಆ ವ್ಯಾಧಿಯಿಂದ ಬಳಲಿದ ಅವರು ಮುನಿವೇಷವನ್ನು ತೊರೆದು, ಶಿವಾಲಯವೊಂದರ ನೈವೇದ್ಯದಿಂದ ಹಸಿವು ನೀಗಿಸಿಕೊಂಡರು. ಗುಟ್ಟು ರಟ್ಟಾಗಿ ಲಿಂಗಕ್ಕೆ ನಮಿಸಬೇಕೆಂದು ಅರಸನ ಅಪ್ಪಣೆಯಾದಾಗ ತೀರ್ಥಂಕರರನ್ನು ಸ್ತುತಿಸಿದರು. ಲಿಂಗ ಒಡೆದು ಚಂದ್ರಪ್ರಭ ಸ್ವಾಮಿಯ ಬಿಂಬ ಮೂಡಿತು. ಪವಾಡದಿಂದ ಹಿರಿಮೆ ಸಿದ್ಧಿಸದು ಎಂದವರ ಹಿರಿಮೆಯನ್ನು ಪವಾಡದಿಂದಲೇ ಸಾಧಿಸಲು ಹೊರಟಿರುವುದು ವಿಪರ್ಯಾಸ. ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಿ ಬರುವ ಇನ್ನೊಂದು ಸಂಗತಿಯ ಕಡೆಗೆ ಮಾತ್ರ ಗಮನ ಹೋಗುವುದು ಕಡಿಮೆ. ವ್ಯಾಧಿ ಉಲ್ಬಣಿಸಿದಾಗ ಸಮಂತಭದ್ರರು ಸಲ್ಲೇಖನಕ್ಕೆ ಅನುಮತಿ ಬೇಡುತ್ತಾರೆ. ಗುರುಗಳು ಕೊಡುವುದಿಲ್ಲ. ವ್ರತವನ್ನು ಸದ್ಯಕ್ಕೆ ಬದಿಗಿಟ್ಟು ದೇಹವನ್ನು ಉಳಿಸಿಕೊಳ್ಳಬೇಕೆಂದೂ, ಗುಣವಾದ ಮೇಲೆ ಮತ್ತೆ ದೀಕ್ಷೆ ಪಡೆಯಬೇಕೆಂದೂ ಆದೇಶಿಸುತ್ತಾರೆ. ವೇಷಕ್ಕಿಂತ ವಿವೇಕ ದೊಡ್ಡದೆಂದು ತಿಳಿದ ಆ ಗುರುವಿನ ನಿರ್ಧಾರ, ಬಿಂಬ ಮೂಡಿದ ಸಂಗತಿಗಿಂತ ಹೆಚ್ಚು ಮನನಯೋಗ್ಯ.

ಇನ್ನು ಶ್ರಾವಕರಿಗಾಗಿಯೇ ಅವರು ರಚಿಸಿದರೆಂದು ಪರಂಪರೆ ಹೇಳುವ ‘ರತ್ನಕರಂಡಕ ಶ್ರಾವಕಾಚಾರ’. 150 ಶ್ಲೋಕಗಳ ಈ ಕೃತಿ ಸಮ್ಯಗ್ದರ್ಶನಕ್ಕೆ ಅಡ್ಡಬರುವ ಮೂರು ಮೂಢತೆಗಳನ್ನೂ ಎಂಟು ಮದಗಳನ್ನೂ ಎಣಿಸುತ್ತದೆ. ಪುಣ್ಯವೆಂದು ನದಿಸಮುದ್ರಗಳಲ್ಲಿ ಮೀಯುವುದು, ಕಲ್ಲುಮರಳು ಗುಡ್ಡೆ ಹಾಕುವುದು ಲೋಕಮೂಢತೆ. ವರದ ಆಸೆಯಿಂದ ರಾಗದ್ವೇಷಗಳುಳ್ಳ ದೇವತೆಗಳಿಗೆ ಅಡ್ಡಬೀಳುವುದು ದೇವಮೂಢತೆ. ಆರಂಭ ಪರಿಗ್ರಹಗಳಲ್ಲಿ ಮುಳುಗಿದ ವೇಷಧಾರಿಗಳನ್ನು ಆದರಿಸುವುದು ಗುರುಮೂಢತೆ. ಎಂಟು ಮದಗಳಲ್ಲಿ ಕುಲಮದ, ಜಾತಿಮದ, ಸಂಪತ್ತಿನ ಮದಗಳೂ ಸೇರಿವೆ. ಸಮ್ಯಗ್ದರ್ಶನವುಳ್ಳ ಚಾಂಡಾಲನೂ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ತೇಜಸ್ಸುಳ್ಳವನು, ದೇವನೆನಿಸತಕ್ಕವನು ಎಂಬ ಮಾತು ಅಲ್ಲಿದೆ. ಮದದಿಂದ ಇನ್ನೊಬ್ಬ ಧರ್ಮಿಷ್ಠನನ್ನು ಕಡೆಗಣಿಸುವವನು ಧರ್ಮವನ್ನೇ ಕಡೆಗಣಿಸುತ್ತಾನೆ, ಏಕೆಂದರೆ ಧಾರ್ಮಿಕರಿಲ್ಲದೆ ಧರ್ಮವಿಲ್ಲ ಎಂಬ ಮಾತೂ ಇದೆ.

ಈ ಕನ್ನಡಿಯಲ್ಲಿ ಇಂದಿನ ಸಮಾಜ ತನ್ನ ಮುಖ ನೋಡಿಕೊಳ್ಳಬೇಕು. ಊರು ಬಿಟ್ಟು ಎರಡು ತಲೆಮಾರು ಕಳೆದರೂ ವಧೂವರರ ಮಾಹಿತಿಯಲ್ಲಿ ಪಂಚಮ, ಚತುರ್ಥ, ಬೋಗಾರ ಎಂಬ ಕಟ್ಟು ಸಡಿಲವಾಗಿಲ್ಲ. ಅಭಿಷೇಕದ ಮೊದಲ ಕಳಶ ಸವಾಲಿನಲ್ಲಿ ಹೆಚ್ಚು ಕೂಗಿದವರ ಪಾಲು. ಕೂಗಲಾಗದ ಶ್ರಾವಕನು ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತಾನೆ. ಪಂಚಕಲ್ಯಾಣದ ವೇದಿಕೆಯಲ್ಲಿ ರಾಜಕಾರಣಿಗಳಿಗೆ ಶಾಲುಹಾರ; ಅವರು ಸಮಾಜಕ್ಕೇನು ಮಾಡಿದರೆಂದು ಕೇಳುವವರಿಲ್ಲ. ಅಂದಿನ ಚಾಮರದ ಸ್ಥಾನದಲ್ಲಿ ಇಂದು ಕ್ಯಾಮೆರಾ ಇದೆ. ವೈಭವ ಮಾಯಾವಿಗಳಲ್ಲಿಯೂ ಕಾಣುತ್ತದೆ ಎಂದು ಜಿನನಿಗೇ ಹೇಳಿದ ಆಚಾರ್ಯರ ಅನುಯಾಯಿಗಳು, ಮತ ಕೇಳಲು ಬಂದವರಿಗೆ ಅದೇ ಮಾತನ್ನು ಹೇಳಲು ಅಂಜುವುದೇಕೆ?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಸಮಂತಭದ್ರರು ಪರಮ ಭಕ್ತರು. ‘ಸ್ವಯಂಭೂ ಸ್ತೋತ್ರ’ದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರನ್ನು ಸ್ತುತಿಸಿದವರು. ಅವರ ಪರೀಕ್ಷೆ ಕೊನೆಗೆ ಮುಟ್ಟಿದ್ದೂ ಜಿನಪಾದವನ್ನೇ. ಮೊದಲೇ ನಿಶ್ಚಯವಾದ ತೀರ್ಪಿಗೆ ವಿಚಾರಣೆ ಏಕೆ ಎಂದು ಕೇಳಬಹುದು. ಆಕ್ಷೇಪದಲ್ಲಿ ತಥ್ಯವಿಲ್ಲದೆ ಇಲ್ಲ. ಆದರೆ ಒರೆಗಲ್ಲನ್ನು ಬಯಲಿನಲ್ಲಿ ಇಟ್ಟವನಿಗೂ ಬಚ್ಚಿಟ್ಟವನಿಗೂ ಅಂತರವಿದೆ. ಬಯಲಿನಲ್ಲಿಟ್ಟದ್ದನ್ನು ಬೌದ್ಧನೂ ಮೀಮಾಂಸಕನೂ ಎತ್ತಿಕೊಂಡು ಜಿನವಚನದ ಮೇಲೆಯೇ ಉಜ್ಜಬಹುದು. ಮೊಮ್ಮಕ್ಕಳೂ ಉಜ್ಜಬಹುದು. ಅಂಥ ಅವಕಾಶವನ್ನು ತಿಳಿದೂ ಕೊಟ್ಟದ್ದು ಅವರ ಧೈರ್ಯ.

ಸುಧಾರಣೆಯೆಂದರೆ ಧರ್ಮನಾಶವೆಂದು ಹೆದರುವವರಿಗೂ ‘ಆಪ್ತಮೀಮಾಂಸೆ’ಯಲ್ಲಿ ಒಂದು ದೃಷ್ಟಾಂತವಿದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಲಾಯಿತು. ಕೊಡ ಬೇಕಾಗಿದ್ದವನು ಅತ್ತ; ಕಿರೀಟ ಬೇಕಾಗಿದ್ದವನು ನಲಿದ; ಚಿನ್ನವನ್ನೇ ಬಯಸಿದವನು ಸಮಚಿತ್ತನಾಗಿದ್ದ. ವಸ್ತುವಿನಲ್ಲಿ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗಿವೆ ಎಂಬುದಕ್ಕೆ ಆಚಾರ್ಯರು ಹೇಳಿದ ಮಾತು ಇದು. ಪರಊರಿನಲ್ಲಿ ನೆಲಸಿದ ಮನೆಗಳಲ್ಲಿ ಇದು ನಿತ್ಯ ನಡೆಯುತ್ತಿದೆ. ಅಜ್ಜಿ ಊರಿನ ಪದ್ಧತಿ ಹೋಯಿತೆಂದು ಕೊರಗುತ್ತಾರೆ. ಮೊಮ್ಮಗಳು ಹೊಸ ಬದುಕಿನಲ್ಲಿ ಹಿಗ್ಗುತ್ತಾಳೆ. ಇಬ್ಬರ ನಡುವೆ ಚಿನ್ನ ಯಾವುದು ಎಂಬ ಮಾತು ಏಳಬೇಕು. ಅಹಿಂಸೆ, ಅಪರಿಗ್ರಹ, ಸತ್ಯದ ಅನೇಕ ಮುಖಗಳನ್ನು ಕಾಣುವ ತಾಳ್ಮೆ, ಇವು ಚಿನ್ನ. ಒಳಪಂಗಡದ ಬೇಲಿ, ಸವಾಲಿನ ಅಬ್ಬರ ಕೊಡದ ಆಕಾರವಷ್ಟೇ.

ಆದುದರಿಂದ ಮುಂದಿನ ಸಲ ಮಗನೋ ಮಗಳೋ ಸಾಕ್ರಟೀಸನ ಹೆಸರು ಹೇಳಿದಾಗ ಹಿರಿಯರು ಮುಖ ಬಾಡಿಸಬೇಕಾಗಿಲ್ಲ, “ಏಕೆ?” ಎಂದು ಕೇಳಿ ಸಮಾಧಾನದಿಂದ ಆಲಿಸಲಿ. ಬಳಿಕ ‘ದೇವಾಗಮ’ದ ಮೊದಲ ಮಾತನ್ನು ಆ ಮಗುವಿಗೆ ತಿಳಿಯಹೇಳಲಿ. ಸಮಂತಭದ್ರರನ್ನು ಕೂಡ ನಮ್ಮವರೆಂಬ ಕಾರಣಕ್ಕೆ ಒಪ್ಪಬೇಕಾಗಿಲ್ಲ. ಪರೀಕ್ಷಿಸಿಯೇ ಒಪ್ಪಲಿ, ಒಪ್ಪದಿದ್ದರೆ ಕಾರಣ ಕೊಡಲಿ. ಆ ಆಚಾರ್ಯರಿಗೆ ಸಲ್ಲಬೇಕಾದ ಗೌರವ ಅದೇ.