ಓಟು ನಮ್ಮದು, ಸರ್ಕಾರ ಯಾರದು?

(ಕ್ಯಾಸಂಬಳ್ಳಿಯ ಬಹಿರಂಗ ಸಭೆಯಲ್ಲಿ ಮಾಡಿದ ಭಾಷಣ)



ಮೈಸೂರು ರಾಜ್ಯದ ಮೊದಲನೆಯ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರು ಈ ಊರಿನವರು. ಅವರ ಹೆಸರಿನ ಮುಂದಿರುವ 'ಕೆ' ಎಂಬುದು ಕ್ಯಾಸಂಬಳ್ಳಿಯೇ. ಇದನ್ನು ಹೇಳಿಕೊಂಡು ಹೆಮ್ಮೆ ಪಡುವುದು ಸುಲಭ. ಅವರು ಆ ಪದವಿಗೆ ಬಂದ ಬಗೆ ಯಾವುದು, ಇಂದಿನವರು ಬರುವ ಬಗೆ ಯಾವುದು ಎಂಬುದನ್ನು ತಿಳಿಯುವುದು ಅದಕ್ಕಿಂತ ಮುಖ್ಯ.

ಮೈಸೂರಿನಲ್ಲಿ ಸಭೆಗಳಿಗೆ ಬರವಿರಲಿಲ್ಲ. 1881ರಲ್ಲೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. 1907ರಲ್ಲಿ ನ್ಯಾಯ ವಿಧಾಯಕ ಸಭೆ ಬಂತು. ಸದಸ್ಯರು ಅಹವಾಲು ಹೇಳಬಹುದಾಗಿತ್ತು, ಪ್ರಶ್ನೆ ಕೇಳಬಹುದಾಗಿತ್ತು. ಆದರೆ ದಿವಾನರನ್ನು ಇಳಿಸುವ ಅಧಿಕಾರ ಸಭೆಗಿರಲಿಲ್ಲ. ದಿವಾನರು ಉತ್ತರ ಕೊಡಬೇಕಾದದ್ದು ಅರಮನೆಗೆ. 1947ರ ಆಗಸ್ಟ್ 15 ಕಳೆದ ಮೇಲೂ ಇದೇ ಸ್ಥಿತಿ ಇತ್ತು. ಆಗ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ಎದ್ದಿತು. ವಿದ್ಯಾರ್ಥಿಗಳು, ಕೂಲಿಕಾರರು, ರೈತರು ಜೈಲು ತುಂಬಿದರು. ಅಕ್ಟೋಬರಿನಲ್ಲಿ ಮಹಾರಾಜರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದರು. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಬಂತು.

ಗಮನಿಸಿ, ರೆಡ್ಡಿಯವರು ಸಾರ್ವತ್ರಿಕ ಮತದಾನದಿಂದ ಮುಖ್ಯಮಂತ್ರಿಯಾದವರಲ್ಲ; ಜನರ ಹೋರಾಟದಿಂದ ಆದವರು. ವಯಸ್ಸಿಗೆ ಬಂದ ಎಲ್ಲ ಗಂಡಸರೂ ಹೆಂಗಸರೂ ಓಟು ಹಾಕಿದ ಮೊದಲ ಚುನಾವಣೆಯ ಫಲ ಬಂದದ್ದು 1952ರಲ್ಲಿ. ಆಗಿನ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74 ದೊರೆತು ಕೆಂಗಲ್ ಹನುಮಂತಯ್ಯನವರು ನಾಯಕರಾದರು. ಸೋಷಲಿಸ್ಟರಿಗೆ ದೊರೆತದ್ದು ಮೂರೇ ಸ್ಥಾನ. ಅವುಗಳಲ್ಲೊಂದು ಕಾಗೋಡು ಸತ್ಯಾಗ್ರಹದಿಂದ ಬಂದ ಶಾಂತವೇರಿ ಗೋಪಾಲಗೌಡರದು. ಗೇಣಿದಾರನ ಮಾತು ಸಭೆಯೊಳಗೆ ಕೇಳಿಸಿದ್ದು ಅಂಥವರ ಬಾಯಿಂದ. ಶಾಸನ ಸಭೆಯ ಬೆಲೆ ಮಂತ್ರಿಗಳಿಂದ ಮಾತ್ರ ಬರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಸಭೆಯ ರಚನೆಯ ಮಾತು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ 1957ರಲ್ಲಿ ಸ್ಥಾನಗಳು 208 ಆದವು, 1967ರಲ್ಲಿ 216, 1978ರಲ್ಲಿ 224. ಅಲ್ಲಿಂದ ಮುಂದೆ ಚುನಾಯಿತ ಸ್ಥಾನಗಳ ಸಂಖ್ಯೆ ಕದಲಿಲ್ಲ. 1971ರ ಜನಗಣತಿಯಲ್ಲಿ ರಾಜ್ಯದ ಜನ 2 ಕೋಟಿ 93 ಲಕ್ಷ. 2011ರಲ್ಲಿ 6 ಕೋಟಿ 11 ಲಕ್ಷ. ಒಬ್ಬ ಶಾಸಕನ ಪಾಲಿಗೆ ಸುಮಾರು 1 ಲಕ್ಷ 31 ಸಾವಿರ ಜನ ಬರುತ್ತಿದ್ದಲ್ಲಿ 2 ಲಕ್ಷ 73 ಸಾವಿರವಾಯಿತು. ಜನ ಹೆಚ್ಚಿದಷ್ಟೂ ಶಾಸಕ ದೂರನಾಗುತ್ತಾನೆ.

ಕ್ಷೇತ್ರದ ಗೆರೆಯೂ ಸಣ್ಣ ಸಂಗತಿಯಲ್ಲ. ನಮ್ಮ ಪಕ್ಕದ ಬೇತಮಂಗಲದ ಹೆಸರಿನಲ್ಲಿ ಒಂದು ಕ್ಷೇತ್ರವಿತ್ತು. 2008ರ ಮರುವಿಂಗಡಣೆಯಲ್ಲಿ ಅದು ಮಾಯವಾಯಿತು. ಊರುಗಳು ಇದ್ದಲ್ಲೇ ಇವೆ, ಗೆರೆ ಮಾತ್ರ ಸರಿಯಿತು. ಇಂದು ಕೋಲಾರ ಜಿಲ್ಲೆಗೆ ಆರು ಕ್ಷೇತ್ರಗಳು. ಅವುಗಳಲ್ಲಿ ಕೆ.ಜಿ.ಎಫ್., ಬಂಗಾರಪೇಟೆ, ಮುಳಬಾಗಿಲು ಮೂರೂ ಪರಿಶಿಷ್ಟ ಜಾತಿಗೆ ಮೀಸಲು. 1952ರಲ್ಲಿ ಕೆಲವು ಕಡೆ ಇಬ್ಬರು ಸದಸ್ಯರ ಕ್ಷೇತ್ರಗಳಿದ್ದವು. 1961ರ ಶಾಸನ ಅವನ್ನು ತೆಗೆದುಹಾಕಿತು. ಮೀಸಲು ಕ್ಷೇತ್ರದಲ್ಲಿ ಉಮೇದುವಾರ ಪರಿಶಿಷ್ಟ ಜಾತಿಯವನಾಗಿರಬೇಕು, ಆದರೆ ಓಟು ಎಲ್ಲ ಜಾತಿಯವರದೂ. ಆದ್ದರಿಂದ ಇಲ್ಲಿ ಗೆದ್ದವನು ದಲಿತ ಕೇರಿಗೆ ಮಾತ್ರ ಶಾಸಕನಲ್ಲ. ಅವನನ್ನು ಪ್ರಶ್ನಿಸುವ ಹಕ್ಕೂ, ಬೆಂಬಲಿಸುವ ಹೊಣೆಯೂ ಇಡೀ ಊರಿನದು.

ಹೆಂಗಸರ ವಿಷಯದಲ್ಲಿ ನಮ್ಮ ಕ್ಷೇತ್ರ ಒಂದು ಒಳ್ಳೆಯ ಕೆಲಸ ಮಾಡಿದೆ. ಕೆ.ಜಿ.ಎಫ್. 2013, 2018, 2023 ಮೂರು ಸಲವೂ ಮಹಿಳೆಯರನ್ನೇ ಆರಿಸಿತು. ಆದರೆ 2023ರಲ್ಲಿ ಇಡೀ ರಾಜ್ಯದಿಂದ ಗೆದ್ದ ಮಹಿಳೆಯರು ಹತ್ತೇ ಮಂದಿ. 224ರಲ್ಲಿ ಹತ್ತು! ಮೂರರಲ್ಲೊಂದು ಪಾಲು ಕೊಡಬೇಕೆಂಬ ಸಂವಿಧಾನ ತಿದ್ದುಪಡಿಯನ್ನು ಅದೇ ವರ್ಷ ಸಂಸತ್ತು ಒಪ್ಪಿತು. ಆದರೆ ಜನಗಣತಿ ಮತ್ತು ಕ್ಷೇತ್ರ ವಿಂಗಡಣೆ ಮುಗಿದ ಮೇಲೆ ಎಂಬ ಗಂಟನ್ನೂ ಹಾಕಿತು.

ಮೇಲ್ಮನೆಯಾದ ವಿಧಾನ ಪರಿಷತ್ತಿನಲ್ಲಿ 75 ಮಂದಿ. ಶಾಸಕರು 25 ಮಂದಿಯನ್ನು, ಸ್ಥಳೀಯ ಸಂಸ್ಥೆಗಳವರು 25 ಮಂದಿಯನ್ನು, ಪದವೀಧರರು 7, ಶಿಕ್ಷಕರು 7 ಮಂದಿಯನ್ನು ಆರಿಸುತ್ತಾರೆ. 11 ಮಂದಿ ನಾಮಕರಣಗೊಂಡವರು. ನಾವು ಆರಿಸಿದ ಗ್ರಾಮ ಪಂಚಾಯಿತಿ ಸದಸ್ಯನಿಗೂ ಅಲ್ಲಿಗೆ ಕಳಿಸುವ ಒಂದು ಓಟಿದೆ. ಆ ಓಟಿಗೆ ಎಲ್ಲಿ ಬೆಲೆ ಕಟ್ಟುತ್ತಾರೆ ಎಂಬುದನ್ನು ನಾವು ಕೇಳುವುದೇ ಇಲ್ಲ.

ಇನ್ನು ಲೆಕ್ಕಾಚಾರದ ಮಾತು. ಹೆಚ್ಚು ಓಟು ಪಡೆದ ಪಕ್ಷಕ್ಕೆ ಹೆಚ್ಚು ಸ್ಥಾನ ಸಿಗುತ್ತದೆಂದು ತಿಳಿಯಬೇಡಿ. 2018ರಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ ಸುಮಾರು 38 ಓಟು, ಬಿ.ಜೆ.ಪಿ.ಗೆ ಸುಮಾರು 36. ಆದರೆ 104 ಸ್ಥಾನ ಬಂದದ್ದು ಬಿ.ಜೆ.ಪಿ.ಗೆ. 2023ರಲ್ಲಿ ಅದೇ ಬಿ.ಜೆ.ಪಿ.ಗೆ ಮತ್ತೆ ಸುಮಾರು 36. ಸಿಕ್ಕ ಸ್ಥಾನ 66. ಕಾಂಗ್ರೆಸ್ಸು ನೂರಕ್ಕೆ 43ರಷ್ಟು ಪಡೆದು 135 ಗೆದ್ದಿತು. ಪ್ರತಿ ಕ್ಷೇತ್ರದಲ್ಲೂ ಮುಂದಿರುವ ಒಬ್ಬನೇ ಗೆಲ್ಲುವ ಪದ್ಧತಿಯ ಫಲ ಇದು. ಹೀಗಿರುವಾಗ ಒಂದು ಓಟಿನ ಬೆಲೆ ಎಷ್ಟೆಂದು ಕೇಳುವವರು 2004ರ ಸಂತೆಮರಹಳ್ಳಿಯನ್ನು ನೆನೆಯಲಿ. ಅಲ್ಲಿ ಧ್ರುವನಾರಾಯಣರು ಗೆದ್ದದ್ದು ಒಂದೇ ಒಂದು ಓಟಿನಿಂದ.

ಕೊನೆಯದು ನಾಯಕತ್ವದ ಪ್ರಶ್ನೆ. ಮುಖ್ಯಮಂತ್ರಿಯನ್ನು ನಾವು ನೇರವಾಗಿ ಆರಿಸುವುದಿಲ್ಲ. ಸಭೆಯ ಬಹುಮತ ಯಾರ ಕಡೆಗಿದೆಯೋ ಅವರನ್ನು ರಾಜ್ಯಪಾಲರು ನೇಮಿಸುತ್ತಾರೆ. ಬಹುಮತವನ್ನು ಎಣಿಸುವ ಜಾಗ ರಾಜಭವನದ ಪಡಸಾಲೆಯಲ್ಲ, ಸದನ. ಇದನ್ನು ಖಚಿತಪಡಿಸಿದ್ದು ನಮ್ಮ ರಾಜ್ಯದ್ದೇ ಮೊಕದ್ದಮೆ. 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದ್ದರ ಮೇಲೆ 1994ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು.

ಆದರೆ ಸದನವೇ ಹೋಟೆಲಿಗೆ ಹೋಗಿ ಕೂತರೆ? 2018ರಲ್ಲಿ ಮೊದಲು ಪ್ರಮಾಣ ಮಾಡಿದವರು ಬಹುಮತ ತೋರಿಸಲಾರದೆ ಇಳಿದರು. 37 ಸದಸ್ಯರ ಪಕ್ಷದ ಕುಮಾರಸ್ವಾಮಿಯವರು ಕಾಂಗ್ರೆಸ್ಸಿನ ಬೆಂಬಲದಿಂದ ಮುಖ್ಯಮಂತ್ರಿಯಾದರು. 2019ರ ಜುಲೈನಲ್ಲಿ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟರು. ಕೆಲವರು ಮುಂಬಯಿಯ ಹೋಟೆಲು ಸೇರಿದರು. ವಿಶ್ವಾಸದ ಗೊತ್ತುವಳಿ 99ಕ್ಕೆ 105ರಿಂದ ಬಿತ್ತು. ಆಗ ಸಭಾಧ್ಯಕ್ಷರ ಪೀಠದಲ್ಲಿದ್ದವರು ನಮ್ಮ ಜಿಲ್ಲೆಯ ಶ್ರೀನಿವಾಸಪುರದ ರಮೇಶ್ ಕುಮಾರ್. ಅವರು 17 ಮಂದಿಯನ್ನು ಅನರ್ಹರೆಂದು ಸಾರಿದರು. ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ದಾರಿಯನ್ನೂ ಬಿಟ್ಟಿತು. ನಮ್ಮ ಜಿಲ್ಲೆಯಲ್ಲೇ ಮುಳಬಾಗಿಲಿನ ಪಕ್ಷೇತರ ಶಾಸಕರೊಬ್ಬರು ಆ ವರ್ಷ ಬಿದ್ದ ಸರ್ಕಾರದಲ್ಲೂ ಮಂತ್ರಿ, ಬೀಳಿಸಿ ಬಂದ ಸರ್ಕಾರದಲ್ಲೂ ಮಂತ್ರಿ!

ಇದಕ್ಕೆಲ್ಲ ಶಾಸಕರನ್ನೇ ಬೈದು ಕೈ ತೊಳೆದುಕೊಳ್ಳುವಂತಿಲ್ಲ. ಆ ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ ಅನರ್ಹರಾದವರಲ್ಲಿ ಹೆಚ್ಚಿನವರು ಹೊಸ ಪಕ್ಷದ ಗುರುತಿನಲ್ಲಿ ಗೆದ್ದು ಬಂದರು. ಗೆಲ್ಲಿಸಿದವರು ಮತದಾರರೇ. ಪಕ್ಷಾಂತರ ನಿಷೇಧದ ಶಾಸನ 1985ರಿಂದ ಇದೆ. ಮತದಾರ ಮರೆತರೆ ಶಾಸನವೊಂದೇ ಏನು ಮಾಡೀತು?

ಅರಮನೆಯ ಮುಂದೆ ಜನ ಜೈಲಿಗೆ ಹೋದದ್ದು ಮಂತ್ರಿ ಸಭೆಗೆ ಉತ್ತರ ಕೊಡಬೇಕು, ಸಭೆ ಜನಕ್ಕೆ ಉತ್ತರ ಕೊಡಬೇಕು ಎಂಬುದಕ್ಕಾಗಿ. ಮೊದಲ ಅರ್ಧ ನಮಗೆ ದೊರೆತಿದೆ. ಎರಡನೆಯ ಅರ್ಧ ಇನ್ನೂ ನಮ್ಮ ಕೈಯ ಕೆಲಸವಾಗಿಯೇ ಉಳಿದಿದೆ.

ಆದ್ದರಿಂದ ಮುಂದಿನ ಸಲ ಉಮೇದುವಾರ ಈ ಊರಿನ ಬೀದಿಗೆ ಬಂದಾಗ ಮೂರು ಪ್ರಶ್ನೆ ಕೇಳೋಣ. ಗೆದ್ದ ಮೇಲೆ ಪಕ್ಷ ಬಿಡುವುದಾದರೆ ಮೊದಲು ಇಲ್ಲಿಗೆ ಬಂದು ನಮ್ಮ ಮುಂದೆ ಹೇಳುವೆಯಾ? ಗಣಿ ಮುಚ್ಚಿ, 2001ರಿಂದ ಕೆಲಸಕ್ಕಾಗಿ ಬೆಳಗಾದರೆ ಬೆಂಗಳೂರಿನ ರೈಲು ಹಿಡಿಯುವ ಮನೆಗಳ ಮಾತನ್ನು ಸದನದಲ್ಲಿ ಆಡುವೆಯಾ? ವರ್ಷಕ್ಕೊಮ್ಮೆ ಇಲ್ಲಿ ನಿಂತು ಸದನದಲ್ಲಿ ಏನು ಕೇಳಿದೆ, ಯಾವುದಕ್ಕೆ ಕೈ ಎತ್ತಿದೆ ಎಂದು ಲೆಕ್ಕ ಒಪ್ಪಿಸುವೆಯಾ? ಕೊಟ್ಟ ಉತ್ತರವನ್ನು ಬರೆದಿಡೋಣ. ಐದು ವರ್ಷದ ಮೇಲೆ ಅದನ್ನೇ ಓದಿ ಓಟು ಹಾಕೋಣ.